ಚಿಕ್ಕವನ ಲೈಸೆನ್ಸು ದೊಡ್ಡವನ ಜೇಬಿನಲ್ಲಿ

ತಪ್ಪು ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಕಾಯಿಸಿ ಹೇಳುವ ಅಭ್ಯಾಸ ನನಗಿಲ್ಲ.

ನಮ್ಮೂರು ಹಂಪಾಪುರದಿಂದ ಸ್ವಲ್ಪ ಒಳಕ್ಕೆ. ಮನೆಯಲ್ಲಿ ಇಬ್ಬರು ಗಂಡಸರು, ಇಬ್ಬರಿಗೂ ಒಂದೇ ಹೆಸರು. ಒಬ್ಬ ನಾನು ಹೆತ್ತ ಮಗ, ಇನ್ನೊಬ್ಬ ನನ್ನ ಮೈದುನನ ಮಗ. ಮೈದುನ ತೀರಿಹೋದ ಮೇಲೆ ನನ್ನ ವಾರಗಿತ್ತಿ ತವರಿಗೆ ಹೋಗದೆ ಮಗನನ್ನು ಇಟ್ಟುಕೊಂಡು ನಮ್ಮ ಜೊತೆಯಲ್ಲೇ ಉಳಿದಳು. ನಮ್ಮಲ್ಲಿ ಮೊದಲು ಹುಟ್ಟಿದ ಗಂಡಿಗೆ ತಾತನ ಹೆಸರಿಡುವುದು ರೂಢಿ. ನನಗೂ ಮೊದಲು ಗಂಡು ಹುಟ್ಟಿತು, ಅವಳಿಗೂ ಮೊದಲು ಗಂಡು ಹುಟ್ಟಿತು. ಇದ್ದ ತಾತ ಒಬ್ಬನೇ. ಅವನ ಹೆಸರನ್ನು ನಾನೂ ಬಿಡಲಿಲ್ಲ, ಅವಳೂ ಬಿಡಲಿಲ್ಲ. ಮನೆಯಲ್ಲಿ ದೊಡ್ಡವನು, ಚಿಕ್ಕವನು ಎಂದು ಕರೆದುಕೊಂಡು ಕಾಲ ಹಾಕಿದೆವು. ಸರ್ಕಾರದ ಕಾಗದಗಳಲ್ಲಿ ಮಾತ್ರ ಇಬ್ಬರೂ ತಾತನೇ. ಮುಖ ಕೂಡ ಅವನದೇ, ಅದೇ ಅಗಲ ಹಣೆ, ಅದೇ ದಪ್ಪ ಮೂಗು.

ದೊಡ್ಡವನು ಪಿಕಪ್ ಗಾಡಿ ಇಟ್ಟುಕೊಂಡಿದ್ದಾನೆ. ಚಿಕ್ಕವನು ಆಗ ಬೀಚನಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ ವ್ಯಾನು ಓಡಿಸುತ್ತಿದ್ದ. ನಮ್ಮ ಪಕ್ಕದ ಹೊಲವನ್ನು ಕೇರಳದವರೊಬ್ಬರು ಗುತ್ತಿಗೆ ಹಿಡಿದು ಶುಂಠಿ ಹಾಕಿದ್ದರು. ಊರಲ್ಲಿ ಎಲ್ಲರೂ ಅವರನ್ನು ಚೇಟ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ. ಅವರ ಶುಂಠಿ ಮೂಟೆಗಳನ್ನು ಕೇರಳದ ಗಡಿ ಬಾವಲಿ ದಾಟಿಸಿ ಮಾನಂದವಾಡಿಗೆ ಮುಟ್ಟಿಸುವುದು ದೊಡ್ಡವನ ಕೆಲಸ.

ಈಗ್ಗೆ ಎರಡು ವರ್ಷದ ಹಿಂದಿನ ಮಾತು. ಶುಂಠಿ ಕೀಳುವ ಕಾಲ. ಚಿಕ್ಕವನು ಕಾಮಾಲೆ ಬಂದು ಕೆಲಸಕ್ಕೆ ರಜೆ ಹಾಕಿ ಜಗುಲಿಯ ಮೇಲೆ ಮಲಗಿದ್ದ. ನಾಟಿ ಔಷಧಿ, ಉಪ್ಪಿಲ್ಲದ ಗಂಜಿ. ದೊಡ್ಡವನ ಲೈಸೆನ್ಸು ರಿನ್ಯೂವಲ್ ಆಗಿ ಅದೇ ವಾರ ಅಂಚೆಯಲ್ಲಿ ಬಂದಿತ್ತು, ನಾನು ಟ್ರಂಕಿನಲ್ಲಿ ಹಾಕಿದ್ದೆ. ಮನೆಯ ಕಾಗದಪತ್ರವೆಲ್ಲ ಇರುವುದು ಆ ಟ್ರಂಕಿನಲ್ಲೇ, ಬೀಗದ ಕೈ ನನ್ನ ಸೊಂಟದಲ್ಲೇ. ಬೆಳಿಗ್ಗೆ ದೊಡ್ಡವನು ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸಿಕೊಂಡು ಲೈಸೆನ್ಸು ಕೊಡು ಎಂದು ಕೂಗಿದ. ಟ್ರಂಕು ತೆಗೆದು ಕೈಗೆ ಸಿಕ್ಕ ಕಾರ್ಡು ಹಿಡಿದುಕೊಂಡೆ. ನಾನು ಓದಿರುವುದು ಮೂರನೇ ಕ್ಲಾಸು. ಕನ್ನಡ ಕೂಡಿಸಿ ಓದುತ್ತೇನೆ, ಇಂಗ್ಲಿಷು ಬರುವುದಿಲ್ಲ. ದೊಡ್ಡವನ ಮಗಳು ಸ್ಕೂಲಿಗೆ ಹೊರಟು ನಿಂತಿದ್ದಳು. ಹೆಸರು ಓದು ಎಂದೆ. ಓದಿದಳು. ತಾತನ ಹೆಸರು, ಸರಿಯಾಗಿಯೇ ಇತ್ತು. ಆಮೇಲೆ ಆ ಮಗು, "ಅಜ್ಜಿ, ಫೋಟೋ ಚಿಗಪ್ಪನ್ ತರ ಐತೆ" ಎಂದಿತು.

"ಹೆಸ್ರು ಓದು ಅಂದ್ರೆ ಹೆಸ್ರು ಓದು. ಮೂತಿ ನೋಡು ಅಂದ್ನಾ ನಾನು?" ಎಂದು ಗದರಿಸಿ, ಕಾರ್ಡನ್ನು ತೆಗೆದುಕೊಂಡು ಹೋಗಿ ದೊಡ್ಡವನ ಜೇಬಿಗೆ ನಾನೇ ತುರುಕಿದೆ. ಅವನೂ ನೋಡಲಿಲ್ಲ.

ಅವತ್ತು ದಾರಿಯಲ್ಲಿ ಕಾಡಂಚಿನ ಹಾಡಿಯ ನಾಲ್ಕು ಜನ ಲೋಡ್ ಇಳಿಸುವ ಕೂಲಿಗೆ ಅವನ ಗಾಡಿ ಹತ್ತಿದರು. ಎಲ್ಲಿ ಹತ್ತುತ್ತಾರೆ? ಮುಂದೆ ಇಬ್ಬರು ಕೂರುವ ಜಾಗದಲ್ಲಿ ಚೇಟನ ಕಡೆಯವನೊಬ್ಬ ಕೂತಿದ್ದ. ನಾಲ್ವರೂ ಮೂಟೆಗಳ ಮೇಲೆ ಕೂತರು. ಗಡಿ ಆಚೆ ಕಾಟಿಕುಳಂ ದಾಟಿದ ಮೇಲೆ ಕೇರಳದ ಸಾರಿಗೆ ಇಲಾಖೆಯ ಜೀಪು ಅಡ್ಡ ನಿಂತಿತು. ಫೋಟೋ ತೆಗೆದರು, ಜನರನ್ನು ಕೆಳಗಿಳಿಸಿದರು, ಲೈಸೆನ್ಸಿನ ನಂಬರು ಬರೆದುಕೊಂಡರು, ದಂಡ ಹಾಕಿದರು. ಸಂಜೆ ಆರಕ್ಕೆ ಕಾಡಿನ ಗೇಟು ಮುಚ್ಚುತ್ತದೆ, ಅಷ್ಟರೊಳಗೆ ಬಾವಲಿ ದಾಟಬೇಕು. ಅವನು ಅವಸರದಲ್ಲಿ ತಲೆ ಆಡಿಸಿ, ಸಹಿ ಹಾಕಿ ಬಂದುಬಿಟ್ಟ. ಕಾರ್ಡು ನನ್ನ ಕೈಗೆ ಕೊಟ್ಟ. ನಾನು ಟ್ರಂಕಿಗೆ ಹಾಕಿದೆ. ಯಾವುದು ಹೋಯಿತು, ಯಾವುದು ಬಂತು, ಒಬ್ಬರೂ ನೋಡಲಿಲ್ಲ.

ಸ್ವಲ್ಪ ದಿನಕ್ಕೆ ರಿಜಿಸ್ಟರ್ ಕಾಗದವೊಂದು ಬಂತು. ಕವರಿನ ಮೇಲೆ ಅರ್ಧ ಇಂಗ್ಲಿಷು, ಅರ್ಧ ಜಿಲೇಬಿಯಂಥ ಅಕ್ಷರ. ಗಾಡಿಯ ಇನ್ಶೂರೆನ್ಸಿನದಿರಬೇಕು ಎಂದುಕೊಂಡು ಸಹಿ ಹಾಕಿ ತೆಗೆದುಕೊಂಡೆ. ಅದನ್ನೂ ಬಿಚ್ಚದೆ ಟ್ರಂಕಿಗೆ ಹಾಕಿದೆ. ಪಹಣಿ ಕಾಗದಗಳ ಕೆಳಗೆ ಹೋಗಿ ಕೂತಿತು.

ಅಲ್ಲಿಗೆ ನನ್ನ ತಪ್ಪು ಮೂರಾಯಿತು. ನನ್ನ ಯಜಮಾನರು ಲಾರಿ ಓಡಿಸುತ್ತಿದ್ದ ಕಾಲವಾಗಿದ್ದರೆ ಮೂವತ್ತು ತಪ್ಪಾಗಿದ್ದರೂ ಏನೂ ಆಗುತ್ತಿರಲಿಲ್ಲ. ಗಡಿ ಆ ಕಡೆ ಮಾಡಿದ್ದು ಆ ಕಡೆಯೇ ಉಳಿಯುತ್ತಿತ್ತು. ಅವರು ಊಟಿ ರಸ್ತೆಯಲ್ಲಿ, ತಲಚೇರಿ ರಸ್ತೆಯಲ್ಲಿ ಏನೇನು ಮಾಡಿ ಬಂದರೋ, ನಮ್ಮ ಕಚೇರಿಗೆ ಗೊತ್ತಾದದ್ದಿಲ್ಲ. ಅದನ್ನು ಅವರು ಜಂಬದಿಂದ ಹೇಳಿಕೊಳ್ಳುತ್ತಿದ್ದರು, ನಾನು ಕೇಳಿಸಿಕೊಂಡು ನಗುತ್ತಿದ್ದೆ. ಈಗ ಹಾಗಿಲ್ಲ. ಎರಡು ರಾಜ್ಯದವರೂ ಒಂದೇ ಕಂಪ್ಯೂಟರಿನಲ್ಲಿ ಬರೆಯುತ್ತಾರೆ, ಇಬ್ಬರೂ ಓದುತ್ತಾರೆ.

ನಮಗೆ ಇದು ತಿಳಿದದ್ದು ಕಳೆದ ಬೇಸಿಗೆಯಲ್ಲಿ. ಚಿಕ್ಕವನ ರೆಸಾರ್ಟಿನ ಕೆಲಸ ಹೋಗಿ ಆರು ತಿಂಗಳಾಗಿತ್ತು. ಅವರಿವರ ಟ್ರಾಕ್ಟರು ಓಡಿಸುತ್ತಿದ್ದ, ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಂಪಾಪುರದ ಹತ್ತಿರ ಒಂದು ಶಾಲೆಯಲ್ಲಿ ಬಸ್ಸಿಗೆ ಡ್ರೈವರ್ ಬೇಕಾಗಿತ್ತು. ಇವನಿಗೆ ಹೆವಿ ಲೈಸೆನ್ಸು ಇತ್ತು, ಕೈ ನಿಧಾನ, ಕುಡಿಯುವುದಿಲ್ಲ, ಮಕ್ಕಳನ್ನು ಕಂಡರೆ ಪ್ರೀತಿ. ಆ ಶಾಲೆಯ ಹೆಡ್ ಮೇಡಂ ಅವನನ್ನು ಒಪ್ಪಿಕೊಂಡು, ಜೂನ್‌ನಲ್ಲಿ ಶಾಲೆ ತೆರೆದ ದಿನದಿಂದ ಬಾ ಎಂದಿದ್ದರು. ಆಮೇಲೆ ಅವನ ಲೈಸೆನ್ಸಿನ ನಂಬರನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದರಂತೆ. ಈ ಲೈಸೆನ್ಸು ಅಮಾನತಾಗಿದೆ, ಕೇರಳದಲ್ಲಿ ಕೇಸಿದೆ ಎಂದು ಬಂತು. ಶಾಲೆ ತೆರೆಯುವುದರೊಳಗೆ ಸರಿ ಮಾಡಿಸಿಕೊಂಡು ಬಂದರೆ ಕೆಲಸ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರು. ಅವರು ಹೇಳಿದ್ದು ಸರಿ. ಮಕ್ಕಳನ್ನು ಕೂರಿಸುವ ಬಸ್ಸು. ಇನ್ನು ಹದಿನೈದು ದಿನ ಇತ್ತು.

ಮನೆಗೆ ಬಂದು ಹೇಳಿದ. ಮೊದಲು ಅವನನ್ನು ಬೈದವಳು ನಾನೇ. ರೆಸಾರ್ಟಿನವರ ಜೊತೆ ಆ ಕಡೆ ಹೋಗಿ ಏನು ಮಾಡಿಕೊಂಡು ಬಂದೆ, ಕುಡಿದಿದ್ದೆಯಾ, ಯಾರಿಗಾದರೂ ಗುದ್ದಿದೆಯಾ ಎಂದು ಕೇಳಿದೆ. "ನಾನು ಬಾವ್ಲಿನೇ ದಾಟ್ದೋನಲ್ಲ ದೊಡ್ಡವ್ವ" ಎಂದ. ನಾನು ನಂಬಲಿಲ್ಲ. ಅವನ ತಾಯಿ ಒಲೆಯ ಮುಂದೆ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ನನ್ನ ಮನೆಯಲ್ಲಿ ನನ್ನ ಮಾತಿಗೆ ಎದುರಾಡಬಾರದು ಎಂದು ಅವಳು ಎಷ್ಟೋ ವರ್ಷದಿಂದ ಬಾಯಿ ಕಟ್ಟಿಕೊಂಡಿದ್ದಾಳೆ.

ಅವನ ಲೈಸೆನ್ಸಿನ ಹಳೆಯ ಕಾಗದ ಹುಡುಕೋಣ ಎಂದು ಟ್ರಂಕು ಸುರಿದಾಗ ಆ ರಿಜಿಸ್ಟರ್ ಕಾಗದ ಸಿಕ್ಕಿತು. ಮೊಮ್ಮಗಳು ಬಿಚ್ಚಿ ಇಂಗ್ಲಿಷಿನದನ್ನು ಓದಿದಳು. ಸರಕಿನ ಗಾಡಿಯ ಲೋಡಿನ ಮೇಲೆ ಜನರನ್ನು ಕೂರಿಸಿದ್ದೀರಿ, ಲೈಸೆನ್ಸನ್ನು ಏಕೆ ಅಮಾನತು ಮಾಡಬಾರದು, ಉತ್ತರ ಕೊಡಿ ಎಂದಿತ್ತು. ಕೆಳಗೆ ಗಾಡಿಯ ನಂಬರು. ಅದನ್ನು ಓದುವಾಗ ಮಗುವಿನ ದನಿ ಸಣ್ಣಗಾಯಿತು. ನಮ್ಮ ಮನೆಯ ಮುಂದೆ ನಿಂತಿದ್ದ ಪಿಕಪ್ಪಿನ ನಂಬರೇ ಅದು. ಆಗ ದೊಡ್ಡವನಿಗೆ ಕಾಟಿಕುಳಂ ನೆನಪಾಯಿತು, ನನಗೆ ಟ್ರಂಕು ನೆನಪಾಯಿತು.

ಮಾರನೆಯ ದಿನ ಮೂವರೂ ಹುಣಸೂರಿಗೆ ಹೋದೆವು. ನಮ್ಮ ಕೋಟೆ ತಾಲ್ಲೂಕಿನವರಿಗೂ, ಪಿರಿಯಾಪಟ್ಟಣ, ಕೆ.ಆರ್. ನಗರದವರಿಗೂ ಲೈಸೆನ್ಸಿನ ಕಚೇರಿ ಅಲ್ಲಿಯೇ ಇರುವುದು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ವಯಸ್ಸಾದವರು, ಗಂಟಲಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಪೂರ್ತಿ ಕೇಳಿಸಿಕೊಂಡರು. ಕೇರಳದವರು ಬರೆದು ಕಳಿಸಿದ್ದರ ಮೇಲೆ ಮೂರು ತಿಂಗಳ ಅಮಾನತು ಹಾಕಿದ್ದೇವೆ, ಕಾರ್ಡು ಕಚೇರಿಗೆ ಒಪ್ಪಿಸಿದ ದಿನದಿಂದ ಮೂರು ತಿಂಗಳ ಲೆಕ್ಕ, ನೀವು ಒಪ್ಪಿಸಲೇ ಇಲ್ಲ, ಅದಕ್ಕೇ ಅದು ಹಾಗೇ ನಿಂತಿದೆ ಎಂದು ಬಿಡಿಸಿ ಹೇಳಿದರು. ಅವರು ಬರೆದದ್ದನ್ನು ನಾವು ಅಳಿಸುವ ಹಾಗಿಲ್ಲ. ಅವತ್ತು ಗಾಡಿ ಓಡಿಸಿದವನು ಬೇರೆ ಎಂದು ಅವರೇ ಬರೆಯಬೇಕು. ಮಾನಂದವಾಡಿಗೆ ಹೋಗಿ, ಇಬ್ಬರನ್ನೂ ಕರೆದುಕೊಂಡು ಹೋಗಿ ಎಂದರು. ಒಂದು ಚೀಟಿಯಲ್ಲಿ ಕೇಸಿನ ನಂಬರು ಬರೆದುಕೊಟ್ಟರು. ಯಾವ ಬಸ್ಸಿಗೆ ಹೋದರೆ ಗೇಟು ಮುಚ್ಚುವುದರೊಳಗೆ ವಾಪಸ್ ಬರಬಹುದು ಎಂಬುದನ್ನೂ ಹೇಳಿದರು. ಅವರಿಗೆ ಇದನ್ನೆಲ್ಲ ಹೇಳಬೇಕಾದ ದರ್ದು ಇರಲಿಲ್ಲ. ನಾಳೆ ಬನ್ನಿ ಎಂದಿದ್ದರೆ ನಾವು ನಾಳೆ, ನಾಡಿದ್ದು ಎಂದು ಹದಿನೈದು ದಿನವನ್ನೂ ಅಲ್ಲೇ ಕಳೆಯುತ್ತಿದ್ದೆವು.

ಹೊರಗೆ ಟೀ ಅಂಗಡಿಯಲ್ಲಿ ಒಬ್ಬ ಬ್ರೋಕರು ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದ. ಅಷ್ಟು ದೂರ ಯಾಕೆ ಹೋಗುತ್ತೀರಿ, ಈ ಚಿಕ್ಕವರ ಕಾರ್ಡನ್ನೇ ಇವತ್ತು ಒಪ್ಪಿಸಿಬಿಡಿ, ಮೂರು ತಿಂಗಳಿಗೆ ಕಾರ್ಡೂ ವಾಪಸ್, ಕೇಸೂ ಮುಗಿಯಿತು ಎಂದ. ದೊಡ್ಡವನ ಮುಖ ಅರಳಿತು.

"ಅದೇ ಸುಲ್ಬ ಕಣವ್ವ. ಮೂರ್ ತಿಂಗ್ಳಲ್ವಾ. ನನ್ ಗಾಡಿ ನಿಂತ್ರೆ ಮನೆ ನಡಿಯಾದೆಂಗೆ?"

"ಗಾಡಿ ನಿಂತ್ರೆ ನಿಲ್ಲಿ ಕಣ್ಲಾ. ಅವ್ನು ಕಾಮಾಲೆಲಿ ಮಲ್ಗಿರುವಾಗ ಅವ್ನ್ ಮುಖ ಜೇಬಲ್ಲಿಟ್ಕಂಡು ಕೇರಳಕ್ಕೋಗಿ ಬಂದೆ. ಈಗ ಅವ್ನ್ ಅನ್ನನೂ ತಿಂತೀಯಾ?"

"ಕಾರ್ಡು ಕೊಟ್ಟೋಳು ನೀನು."

"ನಾನೇ ಕೊಟ್ಟಿದ್ದು. ಲೋಡ್ ಮೇಲೆ ಜನ ಕೂರ್ಸ್ಕೊ ಅಂತ ಕೊಟ್ನಾ?"

ಚಿಕ್ಕವನು ಟೀ ಲೋಟ ಕೆಳಗಿಟ್ಟು, "ಬುಡು ದೊಡ್ಡವ್ವ. ಅಣ್ಣನ್ ಗಾಡಿ ನಿಲ್ಲಾದ್ ಬ್ಯಾಡ. ನಾನು ಇನ್ನೊಂದ್ ಕಡೆ ಕೆಲ್ಸ ನೋಡ್ಕತೀನಿ" ಎಂದ.

ಮಗನ ಮಾತಿಗಿಂತ ಈ ಮಾತು ನನಗೆ ಕಷ್ಟವಾಯಿತು. ಚಿಕ್ಕಂದಿನಿಂದ ಅವನು ಹೀಗೆಯೇ. ಹೊಸ ಅಂಗಿ ತಂದರೆ ಅಣ್ಣ ಆರಿಸಿಕೊಂಡು ಬಿಟ್ಟದ್ದು ಅವನಿಗೆ, ಸೈಕಲ್ಲು ಅಣ್ಣನಿಗೆ ಸಾಲದಾದಾಗ ಅವನಿಗೆ. ಅವನು ಬುಡು ಎನ್ನುತ್ತಿದ್ದ, ನಾವು ಬಿಟ್ಟುಬಿಡುತ್ತಿದ್ದೆವು. ಒಳ್ಳೆಯ ಹುಡುಗ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವನ ಒಳ್ಳೆಯತನದಿಂದ ನಮಗೆ ಎಷ್ಟು ಅನುಕೂಲವಾಗಿತ್ತು ಎಂಬುದನ್ನು ಹೇಳುತ್ತಿರಲಿಲ್ಲ. ಬ್ರೋಕರನಿಗೆ ಹೋಗಪ್ಪ ಎಂದೆ. ಟೀ ಕುಡಿದು ಎದ್ದೆವು.

ಮಾನಂದವಾಡಿಗೆ ಚೇಟ ತಾವಾಗಿಯೇ ಬಂದರು. ನಾನು ಕರೆದಿರಲಿಲ್ಲ. ತಮ್ಮ ಶುಂಠಿಯ ಲೋಡಿನಿಂದ ಆದದ್ದು, ಅಲ್ಲಿ ಮಾತಾಡಲು ನಿಮಗೆ ಯಾರು ಸಿಗುತ್ತಾರೆ ಎಂದು, ಅವತ್ತಿನ ಕೆಲಸ ಬಿಟ್ಟು, ನಾವು ಬಸ್ಸು ಹತ್ತುವ ಹ್ಯಾಂಡ್‌ಪೋಸ್ಟಿನಲ್ಲಿ ನಮಗಿಂತ ಮುಂಚೆಯೇ ನಿಂತಿದ್ದರು. ಬಸ್ಸಿನಲ್ಲಿ ಅಂತರಸಂತೆ ದಾಟಿ ಕಾಡು ಹೊಕ್ಕಮೇಲೂ ಅಣ್ಣತಮ್ಮ ಇಬ್ಬರೂ ದೂರ ದೂರವೇ ಕೂತಿದ್ದರು. ಒಬ್ಬ ಈ ಕಿಟಕಿ, ಒಬ್ಬ ಆ ಕಿಟಕಿ. ಬರುವಾಗ ನಾನು ದೊಡ್ಡವನಿಗೆ ಒಂದೇ ಮಾತು ಹೇಳಿದ್ದೆ: ನೀನು ಹೇಳದಿದ್ದರೆ ನಾನು ಹೇಳುತ್ತೇನೆ.

ಕಚೇರಿ ಮೆಟ್ಟಿಲು ಹತ್ತಿ ಮೇಲೆ ಇತ್ತು. ನನ್ನ ಮಂಡಿ ಹಿಡಿದುಕೊಂಡಿತು, ಚೇಟ ಕೈ ಕೊಟ್ಟರು. ಅಲ್ಲಿನ ಅಧಿಕಾರಿ ಹೆಂಗಸು, ನನ್ನ ಮಗಳ ವಯಸ್ಸಿರಬಹುದು. ಚೇಟ ಮಲಯಾಳದಲ್ಲಿ ಶುರು ಮಾಡಿದಾಗ ಅವರು ಕೈ ತೋರಿಸಿ ನಿಲ್ಲಿಸಿದರು. ಮೊದಲು ಕಾಸರಗೋಡಿನಲ್ಲಿ ಕೆಲಸ ಮಾಡಿದ್ದರಂತೆ, ಕನ್ನಡ ಬರುತ್ತಿತ್ತು. ಪುಸ್ತಕದಲ್ಲಿ ಬರೆದ ಹಾಗೆ ಒಂದೊಂದೇ ಮಾತು ಬಿಡಿಸಿ ಆಡುತ್ತಿದ್ದರು.

"ಆ ದಿನ ವಾಹನ ಯಾರು ಓಡಿಸಿದರು?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವನು ಎದ್ದು ನಿಂತ. "ನಾನೇ ಮೇಡಂ. ಇವ್ನು ಮನೇಲಿ ಕಾಯ್ಲೆ ಬಿದ್ದಿದ್ದ. ಕಾರ್ಡು ಇವ್ನ್ದು ಅಂತ ನಂಗೆ ಗೊತ್ತಿರ್ನಿಲ್ಲ. ಗೊತ್ತಾದ್ಮೇಲೆ ಅಂಗೇ ಬಿಟ್ಬುಡಾನ ಅಂತಿದ್ದೆ" ಎಂದ.

ಆ ಕೊನೆಯ ಮಾತನ್ನು ಅವನು ಹೇಳಬೇಕಾಗಿರಲಿಲ್ಲ. ನಾನೂ ಹೇಳಿಸಿರಲಿಲ್ಲ.

ಮೇಡಂ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಅವತ್ತು ರಸ್ತೆಯಲ್ಲಿ ತೆಗೆದ ಫೋಟೋ ಇತ್ತು. ನಮ್ಮ ಗಾಡಿ, ಗಾಡಿಯ ಮುಂದೆ ಕೈ ಕಟ್ಟಿ ನಿಂತ ದೊಡ್ಡವನು, ಮೂಟೆಗಳ ಮೇಲೆ ಕಾಲು ಇಳಿಬಿಟ್ಟು ಕೂತ ನಾಲ್ಕು ಜನ. ಫೋಟೋ ನೋಡಿದರು, ಇಬ್ಬರ ಮುಖ ನೋಡಿದರು, ಲೈಸೆನ್ಸಿನ ಫೋಟೋ ನೋಡಿದರು. ಇಬ್ಬರಿಗೂ ಒಂದೇ ಹೆಸರು ಯಾಕೆ ಎಂದು ಕೇಳಿದರು. ಹೇಳಿದೆ. ಅವರಿಗೆ ನಗು ಬಂತು, ನಮ್ಮಲ್ಲೂ ಹಾಗೇ ಎಂದರು. ಆಮೇಲೆ ನಗು ನಿಲ್ಲಿಸಿ ಆ ನಾಲ್ಕು ಜನರ ಮೇಲೆ ಬೆರಳಿಟ್ಟರು.

"ಅಮ್ಮ, ಇವರು ಬಿದ್ದು ಸತ್ತಿದ್ದರೆ ಆಗ ಯಾವ ಕಾರ್ಡು ಕೊಡುತ್ತಿದ್ದಿರಿ?"

ನಾವು ಅಷ್ಟು ದಿನ ಕಾರ್ಡು, ಕೇಸು, ಕೆಲಸ ಎಂದು ಬಡಿದಾಡಿದ್ದೆವು. ಆ ನಾಲ್ವರ ಮಾತು ಮನೆಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಅವರು ದಿನಾ ಕಾಣುವ ಜನ, ನಮ್ಮ ಹೊಲಕ್ಕೂ ಕೆಲಸಕ್ಕೆ ಬಂದವರು. ಬೇರೆ ರಾಜ್ಯದ ಹೆಂಗಸು ಅವರ ಲೆಕ್ಕ ಕೇಳಬೇಕಾಯಿತು. ಆ ಬೈಗುಳಕ್ಕೂ ನಾನು ಅವರಿಗೆ ಋಣಿ.

ನಡೆದದ್ದನ್ನು ಬರೆದು ಕೊಡಿ ಎಂದರು. ಚೇಟ ಪೆನ್ನು ತೆಗೆದರು. ಬೇಡ, ಕಾರ್ಡು ಕೊಟ್ಟವರೇ ಬರೆಯಲಿ, ಕನ್ನಡದಲ್ಲೇ ಬರೆಯಲಿ, ನಾನು ಓದಿಕೊಳ್ಳುತ್ತೇನೆ ಎಂದರು ಮೇಡಂ. ಬರೆದೆ. ಒಂದು ಹಾಳೆಗೆ ಅರ್ಧ ಗಂಟೆ ಹಿಡಿಯಿತು. ಊಟದ ಹೊತ್ತಾಗಿತ್ತು, ಮಿಕ್ಕವರೆಲ್ಲ ಎದ್ದು ಹೋದರು, ಅವರು ಏಳಲಿಲ್ಲ. ನಮಗೆ ಟೀ ತರಿಸಿದರು. ನಾನು ಬರೆದದ್ದನ್ನು ಓದಿ, ಅದರ ಕೆಳಗೆ ತಾವು ಇಂಗ್ಲಿಷಿನಲ್ಲಿ ಬರೆದು, ಇಬ್ಬರ ಸಹಿಯನ್ನೂ ಹಾಕಿಸಿಕೊಂಡರು. ಚಿಕ್ಕವರ ಮೇಲಿನದನ್ನು ತೆಗೆಯಲು, ದೊಡ್ಡವರ ಮೇಲೆ ಹಾಕಲು ಹುಣಸೂರಿಗೆ ಬರೆಯುತ್ತೇನೆ, ಕಾರ್ಡು ಬದಲಾದದ್ದು ಬೇಕೆಂದು ಮಾಡಿದ್ದಲ್ಲ ಎಂದೂ ಬರೆಯುತ್ತೇನೆ ಎಂದರು. ಏಳುವಾಗ ನಾನು ಕೈ ಮುಗಿದೆ. ಬಸ್ಸು ತಪ್ಪುತ್ತದೆ, ಹೋಗಿ ಎಂದರು.

ನಾಲ್ಕು ದಿನ ಏನೂ ಸುದ್ದಿ ಇಲ್ಲ. ಐದನೆಯ ದಿನ ಹುಣಸೂರಿನ ಗುಮಾಸ್ತರು, ನಾವು ಬಿಟ್ಟುಬಂದಿದ್ದ ನಂಬರಿಗೆ ಫೋನು ಮಾಡಿದರು. ಕಾಗದ ಬರುವುದು ತಡವಾಯಿತೆಂದು ಅವರೇ ಮಾನಂದವಾಡಿಗೆ ಕೇಳಿದ್ದರಂತೆ. ಈಗ ಬಂತು, ಸಾಹೇಬರ ಸಹಿಯೂ ಆಯಿತು, ದೊಡ್ಡವನು ಕಾರ್ಡು ತಂದು ಒಪ್ಪಿಸಲಿ ಎಂದರು. ದೊಡ್ಡವನು ಅವತ್ತೇ ಹೋಗಿ ಒಪ್ಪಿಸಿ ಬಂದ. ಅವನಿಗೆ ನಾನು ಭೇಷ್ ಎನ್ನಲಿಲ್ಲ. ಅನ್ನ ಬಡಿಸಿದೆ, ತುಪ್ಪ ಸ್ವಲ್ಪ ಹೆಚ್ಚಿಗೆ ಹಾಕಿದೆ.

ಹಾಲಿನ ಡೈರಿಯಲ್ಲಿ ಹೆಂಗಸರು ಆಡಿಕೊಂಡರು. ಸ್ವಂತ ಮಗನ ಕೈ ಕಟ್ಟಿಹಾಕಿ ಮೈದುನನ ಮಗನನ್ನು ಬಸ್ಸು ಹತ್ತಿಸಿದಳು ಎಂದು ಒಬ್ಬಳು ನನಗೆ ಕೇಳುವ ಹಾಗೇ ಅಂದಳು. ನಿನ್ನ ಮಗನಿಗೂ ಲೈಸೆನ್ಸಿಲ್ಲ, ಅವನ ಕೈ ಯಾರು ಕಟ್ಟಿದರು ಎಂದು ಕೇಳಿ, ಹಾಲು ಅಳೆಸಿಕೊಂಡು ಬಂದೆ. ವಾರಗಿತ್ತಿ ಮಾತ್ರ ಅವತ್ತು ಹಟ್ಟಿಯಲ್ಲಿ ಸಗಣಿ ಬಾಚುತ್ತಾ, "ಅಕ್ಕ, ಅವ್ನ್ ಪರವಾಗಿ ನಾನ್ ಒಂದ್ ದಿನನೂ ಕೇಳ್ನಿಲ್ಲ ನಿನ್ನ" ಎಂದಳು. ಥ್ಯಾಂಕ್ಸ್ ಹೇಳುತ್ತಿದ್ದಾಳೋ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಹೇಳುತ್ತಿದ್ದಾಳೋ ತಿಳಿಯಲಿಲ್ಲ. "ಕೇಳ್ಬೇಕಾಗಿತ್ತು ಕಣಮ್ಮಿ" ಎಂದೆ. ಇಬ್ಬರೂ ಸಗಣಿ ಬಾಚಿದೆವು.

ಮೂರು ತಿಂಗಳು ಮನೆಯೇನೂ ನಿಲ್ಲಲಿಲ್ಲ. ಭಾನುವಾರ, ಶಾಲೆಯ ರಜೆಯ ದಿನ ಚಿಕ್ಕವನು ಪಿಕಪ್ ಓಡಿಸಿದ, ದೊಡ್ಡವನು ಪಕ್ಕದಲ್ಲಿ ಕೂತು ಬ್ರೇಕ್ ಹಿಡಿ, ಗೇರ್ ಹಾಕು ಎಂದು ಅವನ ತಲೆ ತಿಂದ. ಹಾಡಿಯವರು ಈಗ ಬಸ್ಸಿನಲ್ಲಿ ಹೋಗುತ್ತಾರೆ, ಟಿಕೆಟ್ಟು ಚೇಟನದು. ಅದನ್ನು ನಾನೇ ಕೇಳಿ ಒಪ್ಪಿಸಿದೆ.

ಇದಕ್ಕೆಲ್ಲ ಮೊದಲು, ಶಾಲೆ ತೆರೆಯುವ ಎರಡು ದಿನ ಮುಂಚೆ ಹೆಡ್ ಮೇಡಂ ಮತ್ತೆ ನಂಬರು ಹಾಕಿ ನೋಡಿದರು, ಏನೂ ಇರಲಿಲ್ಲ. ಚಿಕ್ಕವನ ಕೈಗೆ ಬಸ್ಸಿನ ಕೀ ಕೊಟ್ಟರು.

ಮೊದಲ ವಾರದಲ್ಲಿ ಒಂದು ದಿನ ನನಗೆ ಹಂಪಾಪುರದಲ್ಲಿ ಮಂಡಿಯ ಮಾತ್ರೆ ತರುವುದಿತ್ತು. ರಸ್ತೆಗೆ ಬಂದು ನಿಂತೆ. ಹಳದಿ ಬಸ್ಸು ಬಂತು, ಮಕ್ಕಳನ್ನು ಹತ್ತಿಸಿಕೊಳ್ಳಲು ನಿಂತಿತು. ನಾನೂ ಕಂಬಿ ಹಿಡಿದು ಮೆಟ್ಟಿಲಿಗೆ ಕಾಲಿಟ್ಟೆ. ಹಿಂದೆ ಸೀಟು ಖಾಲಿ ಇದ್ದದ್ದು ಕಾಣುತ್ತಿತ್ತು.

ಚಿಕ್ಕವನು ಸ್ಟೇರಿಂಗಿನಿಂದ ಕೈ ತೆಗೆಯದೆ ತಿರುಗಿ ನೋಡಿದ. "ಇಳಿ ದೊಡ್ಡವ್ವ. ಮಕ್ಳ್ ಬಸ್ಗೆ ಬ್ಯಾರೆಯೋರ್ನ ಹತ್ಸಂಗಿಲ್ಲ."

"ನಾನ್ ಬ್ಯಾರೆಯೋಳೇನ್ಲಾ?"

"ಇವತ್ ಬ್ಯಾರೆಯೋಳೇ. ಇಳಿ."

ಮಕ್ಕಳು ನಕ್ಕವು. ಹುಟ್ಟಿದಾಗಿನಿಂದ ಅವನು ನನಗೆ ಇಲ್ಲ ಎಂದದ್ದು ಅದೇ ಮೊದಲು. ಇಳಿದೆ. ಬಾಗಿಲು ಹಾಕಿಕೊಂಡು, ಕನ್ನಡಿ ನೋಡಿಕೊಂಡು, ನಿಧಾನವಾಗಿ ಬಸ್ಸು ತೆಗೆದ. ನಾನು ಸರ್ಕಾರಿ ಬಸ್ಸಿಗೆ ಅರ್ಧ ಗಂಟೆ ಕಾದೆ. ಮಂಡಿ ನೋಯುತ್ತಿತ್ತು, ಬೇಜಾರೇನೂ ಆಗಲಿಲ್ಲ.